ಯಾವನ ರಾಜ?

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರು ತೀರಿಕೊಂಡ ಸುದ್ದಿ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂದಾಗ ಕೈಮುಗಿದ ಚಿತ್ರಗಳು ಬಂದದ್ದು ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಯಾರೋ, "ಸಾರ್ ಹೇಳ್ತಿದ್ದ ಆ ರಾಜನ್ನ ಮರೆಯೋಕಾಗಲ್ಲ. ಪಾಪ, ಕೊನೆಗೆ ದ್ರಾಕ್ಷಿ ತೋಟ ಮಾಡ್ಕೊಂಡು ಸತ್ತ" ಎಂದು ಬರೆದರು. ಅಲ್ಲಿಂದ ಜಗಳ ಶುರುವಾಯಿತು. "ದ್ರಾಕ್ಷಿ ತೋಟ ಎಲ್ಲಿಂದ ಬಂತು? ಅವನನ್ನ ಸಿಂಹಾಸನದಲ್ಲಿ ಕೂರಿಸಿದವನೇ ಕೊಂದ" ಎಂದ ಇನ್ನೊಬ್ಬ. ಮತ್ತೊಬ್ಬಳು, ಅವನು ಹಡಗು ಹತ್ತಿ ಹೋದ, ಆಮೇಲೆ ಏನಾದನೋ ಯಾರಿಗೂ ಗೊತ್ತಿಲ್ಲ ಎಂದಳು. ಸತ್ತವರು ಮೇಷ್ಟ್ರು, ಇವರು ಹೊಡೆದಾಡುತ್ತಿದ್ದದ್ದು ಎರಡು ಸಾವಿರ ವರ್ಷದ ಹಿಂದೆ ಸತ್ತವನ ಸಲುವಾಗಿ. ನನಗೆ ಮೊದಲು ಸಿಟ್ಟು ಬಂತು. ಆಮೇಲೆ ತಲೆ ಕೆಟ್ಟಿತು. ಯಾಕೆಂದರೆ ಅವರ ಬಾಯಿಂದಲೇ ನಾನು ಕೇಳಿದ್ದ ಕೊನೆ ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ನಾನು ಕೇಳಿದಂತೆ ಆ ರಾಜ ಮುದುಕನಾಗಿ, ಯಾರದೋ ಅರಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ.

ಶನಿವಾರ ಕಾಲೇಜಿನ ಹಾಲ್‌ನಲ್ಲಿ ಸಂತಾಪ ಸಭೆ, ಮೊದಲು ನೀವೇ ಮಾತಾಡಬೇಕು ಎಂದು ಫೋನ್ ಬಂತು. "ನೀವು ಕನ್ನಡದೋರು ಮೇಡಂ, ಚೆನ್ನಾಗಿ ಮಾತಾಡ್ತೀರಿ" ಎಂದರು. ಕನ್ನಡ ಪಾಠ ಮಾಡುವವರಿಗೆ ಸಾವಿನ ಮನೆಯಲ್ಲಿ ಇದೊಂದು ಬಿಟ್ಟಿ ಚಾಕರಿ. ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಕೂತು ಯೋಚಿಸಿದರೆ ಒಂದು ವಾಕ್ಯವೂ ಹೊಳೆಯಲಿಲ್ಲ. ಒಳ್ಳೆಯವರಾಗಿದ್ದರು ಎನ್ನಬೇಕು, ಎಲ್ಲರೂ ಅನ್ನುವುದು ಅದನ್ನೇ. ಆದರೆ ಅವರು ಒಳ್ಳೆಯವರೋ, ಬರೀ ಪುಕ್ಕಲರೋ, ಅಥವಾ ಕುರ್ಚಿಯ ಮೇಲೆ ಸಣ್ಣ ಆಸೆಯಿದ್ದ ನಮ್ಮಂಥವರೇ ಒಬ್ಬರೋ, ಇಷ್ಟು ವರ್ಷ ಪಕ್ಕದ ಮೇಜಿನಲ್ಲಿ ಕೂತು ಅವರ ಚಟ್ನಿಪುಡಿ ತಿಂದರೂ ನನಗೆ ಗೊತ್ತಾಗಿರಲಿಲ್ಲ. ಗೊತ್ತಿಲ್ಲದವರ ಬಗ್ಗೆ ಮೈಕಿನ ಮುಂದೆ ಏನು ಹೇಳುವುದು?

ನೋಡಲು ಸಣಕಲು ಮನುಷ್ಯ. ಮಳೆಯಿಲ್ಲದ ಊರಿನಲ್ಲಿ ವರ್ಷವಿಡೀ ಕೊಡೆ. ಕೂರುವ ಮೊದಲು ಕುರ್ಚಿಯನ್ನು ಕರ್ಚೀಫಿನಿಂದ ಒರೆಸುತ್ತಿದ್ದರು, ಅದು ಸರಿ. ಏಳುವಾಗಲೂ ಒರೆಸುತ್ತಿದ್ದರು. "ಅದ್ಯಾಕೆ ಸಾರ್?" ಎಂದರೆ, "ಆಮೇಲೆ ಬರೋರಿಗೆ ನಮ್ಮ ಬಿಸಿ ಯಾಕಮ್ಮ ತಗಲಬೇಕು" ಎನ್ನುತ್ತಿದ್ದರು. ಬಂಗಾರಪೇಟೆ ಕಡೆಯ ಹಳ್ಳಿಯವರು, ಮನೆಯಲ್ಲಿ ಹಸು ಇದ್ದವು. ಪಾಠ ಮಾಡುವಾಗ ಪುಸ್ತಕದ ಕನ್ನಡ, ಸಿಟ್ಟು ಬಂದರೆ ಊರಿನ ಕನ್ನಡ, ನಗು ಬಂದರೆ ತೆಲುಗು. ವಿದ್ಯಾರ್ಥಿಯಾಗಿದ್ದಾಗ ಹಾಜರಿ ಕಡಿಮೆಯಾಗಿ ಅವರದೊಂದು ವರ್ಷ ಹೋಗಿತ್ತಂತೆ ಎಂದು ಸ್ಟಾಫ್ ರೂಮಿನಲ್ಲಿ ಮಾತಿತ್ತು. ನಿಜವಾ ಎಂದು ಕೇಳಿದರೆ, "ಯವನ್ ಏಳಿದ್ದು?" ಎಂದು ನಗುತ್ತಿದ್ದರು. ಹೌದೂ ಅಲ್ಲ, ಇಲ್ಲವೂ ಅಲ್ಲ.

ಆ ರಾಜ ಅವರಿಗೆ ಎಲ್ಲಿ ಗಂಟುಬಿದ್ದನೋ ಕಾಣೆ. ಕಪ್ಪು ಸಮುದ್ರದ ದಡದ ಒಂದು ಪುಟ್ಟ ರಾಜ್ಯ. ಗ್ರೀಕ್ ಮಾತಾಡುವ ರಾಜಮನೆತನ. ನಮ್ಮ ಹಳೆಯ ಪುಸ್ತಕಗಳು ಆ ಕಡೆಯವರನ್ನೆಲ್ಲ ಯವನರು ಎನ್ನುತ್ತವೆ. ಒಂದು ಕಡೆ ರೋಮಿನವರು, ಇನ್ನೊಂದು ಕಡೆ ಜೋರು ಮನುಷ್ಯನಾದ ಪಕ್ಕದ ರಾಜ. ಈ ಪಕ್ಕದವನು ಆ ಪುಟ್ಟ ರಾಜ್ಯ ಆಳುತ್ತಿದ್ದ ಅಣ್ಣನನ್ನು ಓಡಿಸಿ, ತಮ್ಮನನ್ನು ತಂದು ಸಿಂಹಾಸನದಲ್ಲಿ ಕೂರಿಸಿದ. ರೋಮಿನವರು ಕಣ್ಣು ಕೆಂಪಗೆ ಮಾಡಿದ ಕೂಡಲೇ ಅಣ್ಣ ವಾಪಸ್ ಬಂದ, ತಮ್ಮ ಇಳಿದ. ಅಷ್ಟೇ ಆ ತಮ್ಮನ ಆಳ್ವಿಕೆ. ದೊಡ್ಡ ಪುಸ್ತಕಗಳಲ್ಲೂ ಅವನಿಗೆ ಸಿಕ್ಕಿರುವುದು ನಾಲ್ಕು ಸಾಲು. ಹೆಸರು ನಮ್ಮ ನಾಲಿಗೆಗೆ ತಿರುಗುತ್ತಿರಲಿಲ್ಲ. ಆದರೆ ಅವನಿಗೊಂದು ಬಿರುದಿತ್ತು, ‘ಒಳ್ಳೆಯವನು’ ಎಂದು. ಮೇಷ್ಟ್ರು ಅವನನ್ನು ಒಳ್ಳೆ ರಾಜ ಎಂದೇ ಕರೆಯುತ್ತಿದ್ದರು. "ಒಳ್ಳೆ ಆವಾ ಸಾ? ಅಂಗಾದ್ರೆ ಕಚ್ಚಲ್ಲ ಬಿಡಿ" ಎಂದು ಹುಡುಗರು ನಗುತ್ತಿದ್ದರು. ಕೆರೆಯ ವಿಷವಿಲ್ಲದ ಒಳ್ಳೆ ಹಾವನ್ನು ಹಿಡಿದು ಆಡಿದ ಹುಡುಗರು ಅವು. ಮೇಷ್ಟ್ರೂ ನಗುತ್ತಿದ್ದರು. ಒಮ್ಮೆ ನನಗೆ ಹೇಳಿದರು: "ಗ್ರೀಕಿನಲ್ಲಿ ಆ ಮಾತಿಗೆ ಒಳ್ಳೆಯವನು ಅಂತಲೂ ಅರ್ಥವಂತಮ್ಮ, ಉಪಯೋಗಕ್ಕೆ ಬರೋನು ಅಂತಲೂ ಅರ್ಥವಂತೆ. ಯಾರು ಯಾವ ಅರ್ಥದಲ್ಲಿ ಕರೆದರೋ ಅವನಿಗಾದರೂ ಗೊತ್ತಿತ್ತೋ ಇಲ್ವೋ."

ಅವರ ಕ್ಲಾಸಿನ ಒಂದು ಪ್ರಸಂಗ ಕಾಲೇಜಿನಲ್ಲೆಲ್ಲ ಪ್ರಸಿದ್ಧ. "ಇವನು ಒಬ್ಬ ಯವನ ರಾಜ" ಎಂದು ಅವರು ಶುರುಮಾಡಿದ್ದಾರೆ. ಬಂಗಾರಪೇಟೆ ಕಡೆ ಹಳ್ಳಿಗಳಲ್ಲಿ ಯಾವನು, ಯಾವನ ಎನ್ನುವುದು ಯವನು, ಯವನ ಆಗುತ್ತದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಯವನ ರಾಜ ಸಾ?" ಎಂದಿದ್ದಾನೆ.

"ಯವನ ರಾಜ ಕಣ್ಲಾ."

"ಅದೇ ಸಾ, ಯವನ?"

"ಯವನ!"

"ಅಂಗಂದ್ರೆ ನಿಮ್ಗೂ ಗೊತ್ತಿಲ್ವಾ ಸಾ?"

ಬಾಗಿಲಲ್ಲಿ ಸುಣ್ಣದ ಕಡ್ಡಿಯ ಡಬ್ಬಿ ಹಿಡಿದು ನಿಂತಿದ್ದ ನಮ್ಮ ಅಟೆಂಡರ್, ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ತಮಿಳು ಮನುಷ್ಯ, ತಾನೂ ಸೇರಿಕೊಂಡು, "ಆಮಾ ಸಾರ್, ಎವನ್ ರಾಜಾ ಅದು?" ಎಂದನಂತೆ. ಕ್ಲಾಸೇ ಎದ್ದು ಕುಣಿಯಿತಂತೆ. ಮೇಷ್ಟ್ರು ಮಾತ್ರ ನಗದೆ ನಿಂತು, "ಸರಿಯಾಗಿ ಕೇಳ್ದೆ ಕಣ್ಲಾ. ಯಾವನ ರಾಜ ಅವನು? ಕೂರಿಸಿದವನ ರಾಜನಾ, ಜನರ ರಾಜನಾ? ಅದೇ ಇವತ್ತಿನ ಪಾಠ" ಎಂದರಂತೆ. ಉತ್ತರ ಏನು ಕೊಟ್ಟರು ಎಂದು ಆ ಕ್ಲಾಸಿನಲ್ಲಿದ್ದ ಒಬ್ಬರಿಗೂ ನೆನಪಿಲ್ಲ.

ಇಷ್ಟೆಲ್ಲ ಬಲ್ಲ ಮನುಷ್ಯ ತಾನೇ ಹೋಗಿ ಅಂಥ ಕುರ್ಚಿಯಲ್ಲಿ ಕೂತದ್ದು ನನಗೆ ಇವತ್ತಿಗೂ ಬಿಡಿಸಲಾಗದ ಗಂಟು. ನಮ್ಮ ಕಾಲೇಜನ್ನು ನಡೆಸುತ್ತಿದ್ದವರು ಅಣ್ಣ ತಮ್ಮ. ಅಣ್ಣ ಅಧ್ಯಕ್ಷ, ತಮ್ಮ ಕಾರ್ಯದರ್ಶಿ. ಬಂಗಾರಪೇಟೆಯಿಂದ ಮಕ್ಕಳನ್ನು ಕರೆತರುವ ಬಸ್ಸು ತಮ್ಮನದು. ಬೆಳಗಿನ ಮೊದಲ ಗಂಟೆ ಆ ಬಸ್ಸು ಗೇಟಿಗೆ ಬಂದ ಕೂಡಲೇ ಹೊಡೆಯುತ್ತಿತ್ತು. ಬಸ್ಸಿಗೆ ದುಡ್ಡು ಕೊಡಲಾಗದ ಹಳ್ಳಿಯ ಮಕ್ಕಳು ರೈಲಿನಲ್ಲಿ ಬರುತ್ತಿದ್ದರು. ಬೆಳಿಗ್ಗೆ ಎಲ್ಲರೂ ಬೆಂಗಳೂರಿನ ಕಡೆ ಹೋಗುವ ಹೊತ್ತಿನಲ್ಲಿ ಈ ಗಾಡಿ ಮಾತ್ರ ಉಲ್ಟಾ ಬರಬೇಕು. ಎದುರಿನ ಗಾಡಿಗೆ ದಾರಿ ಬಿಟ್ಟು, ಉಸಿರು ತೆಗೆದುಕೊಂಡು, ಅದು ಕೋರಮಂಡಲ್ ಸ್ಟೇಷನ್ನಿಗೆ ಬರುವಷ್ಟರಲ್ಲಿ ಗಂಟೆ ಹೊಡೆದಾಗಿರುತ್ತಿತ್ತು. ಚಿನ್ನ ತೆಗೆದು ಉಳಿದ ಮಣ್ಣಿನ ಸೈನೈಡ್ ದಿಬ್ಬದ ಪಕ್ಕ ಏದುಸಿರು ಬಿಡುತ್ತ ಓಡಿ ಬಂದರೂ ಆಬ್ಸೆಂಟ್. ಗಂಟೆಯಾದ ಮೇಲೆ ಹಾಜರಿಯಿಲ್ಲ ಎನ್ನುವುದು ಕಾಲೇಜಿನ ಕಾನೂನು. ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಪ್ರತಿ ವರ್ಷ ರೈಲಿನ ಮಕ್ಕಳಲ್ಲಿ ಕೆಲವರಾದರೂ ಹೀಗೆ ವರ್ಷ ಕಳೆದುಕೊಳ್ಳುತ್ತಿದ್ದರು. ಹೆಣ್ಣುಮಕ್ಕಳಾದರೆ ಮರುವರ್ಷ ಮನೆಯವರು ಕಳಿಸುತ್ತಲೇ ಇರಲಿಲ್ಲ.

ಅಂಥ ಒಂದು ಹುಡುಗಿಯಿದ್ದಳು. ಬೆಳಿಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ, ಆ ರೈಲು ಹಿಡಿಯುತ್ತಿದ್ದಳು. ಹಾಲಿನ ಹುಡುಗಿ ಎಂದೇ ಎಲ್ಲರೂ ಕರೆಯುತ್ತಿದ್ದೆವು. ಅವಳ ಹಾಜರಿ ಅಂಚಿಗೆ ಬಂದು ನಿಂತಿದ್ದ ವರ್ಷವೇ ಅಣ್ಣ ತಮ್ಮಂದಿರ ನಡುವೆ ಜಗಳ ಬಿತ್ತು. ಅಧ್ಯಕ್ಷರು ತಮ್ಮನ ಕಡೆಯ ಪ್ರಾಂಶುಪಾಲರನ್ನು ಮನೆಗೆ ಕಳಿಸಿ, ನಮ್ಮ ಇತಿಹಾಸದ ಮೇಷ್ಟ್ರನ್ನು ಪ್ರಭಾರ ಪ್ರಾಂಶುಪಾಲರನ್ನಾಗಿ ಕೂರಿಸಿದರು. ನಾವೆಲ್ಲ ಬೇಡವೆನ್ನುತ್ತಾರೆ ಎಂದುಕೊಂಡಿದ್ದೆವು. ಅವರು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತೇಬಿಟ್ಟರು.

"ಪ್ರಭುತ್ವ ಅವರದು, ಭಾರ ನನ್ನದು, ಎರಡೂ ಸೇರಿದರೆ ಪ್ರಭಾರ" ಎಂದು ತಮಾಷೆ ಮಾಡಿದರು. ರೈಲಿನಲ್ಲಿ ಮೂರು ಜನ ಕೂತ ಸೀಟಿಗೆ ನಾಲ್ಕನೆಯವರು ಹೇಗೆ ಕೂರುತ್ತಾರೋ ಹಾಗೆ ಆ ಕುರ್ಚಿಯ ಅಂಚಿನಲ್ಲಿ ಕೂರುತ್ತಿದ್ದರು. ಊಟಕ್ಕೆ ಸ್ಟಾಫ್ ರೂಮಿಗೇ ಬರುತ್ತಿದ್ದರು. ಆದರೆ ಬಾಗಿಲ ಮೇಲೆ ತಮ್ಮ ಹೆಸರಿನ ಫಲಕ ಹಾಕಿಸಿಕೊಂಡರು. ಅದನ್ನು ಸಾಯಂಕಾಲ ಯಾರೂ ಇಲ್ಲದಾಗ ನಿಂತು ಓದಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆಸೆ ಇರಲಿಲ್ಲ ಎಂದು ಹೇಗೆ ಹೇಳಲಿ?

ಅವರ ಆಳ್ವಿಕೆಯಲ್ಲಿ ಆದದ್ದು ಒಂದೇ ಕೆಲಸ. ಮೊದಲ ಗಂಟೆಯನ್ನು ಮುಂದಕ್ಕೆ ಹಾಕಿದರು. ನಮ್ಮ ಗಂಟೆ ಎಂದರೆ ಗಣಿಯ ಹಳಿಯದೊಂದು ತುಂಡು, ಹೊಂಗೆ ಮರಕ್ಕೆ ನೇತುಹಾಕಿದ್ದು. ಅಟೆಂಡರ್ ಸುತ್ತಿಗೆ ಹಿಡಿದು ಕಾಯುತ್ತಿದ್ದ. ರೈಲು ಕೂಗಿ, ಮಕ್ಕಳು ಗೇಟಿನೊಳಗೆ ಬಂದ ಮೇಲೆಯೇ ಹೊಡೆತ. ಹಾಲಿನ ಹುಡುಗಿ ಆ ವರ್ಷ ಪರೀಕ್ಷೆಗೆ ಕೂತಳು. ನಾನು ಮನಸಾರೆ ಹೊಗಳಿದೆ. ಆಗ ಕಾಮರ್ಸ್ ಮೇಷ್ಟ್ರು ನನ್ನ ಕಿವಿಯಲ್ಲಿ, "ಏನ್ ಮೇಡಂ ನೀವು, ರೈಲಿಗೆ ಹೊಂದೋ ಹಾಗೆ ಗಂಟೆ ಹೊಡೆದರೆ ಬಸ್ಸು ಯಾರು ಹತ್ತುತಾರೆ? ತಮ್ಮನ ಬಸ್ಸು ಖಾಲಿ ಮಾಡೋಕೆ ಅಣ್ಣ ಹೂಡಿದ ಆಟ ಇದು, ನಮ್ಮ ಸಾರ್ ಬರೀ ಸುತ್ತಿಗೆ" ಎಂದರು. ನಿಜವೇ, ಬಸ್ಸು ಅರ್ಧಕ್ಕರ್ಧ ಖಾಲಿಯಾಗಿತ್ತು. ನಾನು ಹೊಗಳಿದ್ದು ಯಾರನ್ನು ಎಂದು ನನಗೇ ತಿಳಿಯದಂತಾಯಿತು. ಮೇಷ್ಟ್ರನ್ನು ಕೇಳಿದೆ. "ಇರಬಹುದಮ್ಮ. ಅವರ ಆಟ ಅವರದು, ಗಾಡಿ ಟೈಮು ಗಾಡಿದು" ಎಂದು ಮೊಸರನ್ನಕ್ಕೆ ಉಪ್ಪು ಹಾಕಿಕೊಂಡರು.

ಮರುವರ್ಷದ ಪರೀಕ್ಷೆ ಇನ್ನೂ ದೂರವಿರುವಾಗಲೇ ಅಣ್ಣ ತಮ್ಮ ರಾಜಿಯಾದರು. ಯಾವುದೋ ಮದುವೆಮನೆಯಲ್ಲಿ ಪಕ್ಕಪಕ್ಕ ಕೂತು ಊಟ ಮಾಡಿದರಂತೆ. ಸೋಮವಾರವೇ ತಮ್ಮನ ಕಡೆಯ ಹಳೆಯ ಪ್ರಾಂಶುಪಾಲರು ವಾಪಸ್ ಬಂದರು. ಅವರು ಬರುವ ಮೊದಲು, ಆ ಕುರ್ಚಿಯಿಂದ ಕೊನೆಯ ಆದೇಶವಾಗಿ, ಅಣ್ಣ ತಮ್ಮ ಸೇರಿ ಗಂಟೆಯನ್ನು ಹಳೆಯ ಹೊತ್ತಿಗೇ ಹೊಡೆಯಬೇಕೆಂದು ನಮ್ಮ ಮೇಷ್ಟ್ರ ಬಾಯಿಂದಲೇ ಹೇಳಿಸಿದರು. ನಾನು ಅಲ್ಲೇ ವರಾಂಡದಲ್ಲಿದ್ದೆ. ಅಟೆಂಡರ್ ಸುತ್ತಿಗೆ ಕೆಳಗಿಟ್ಟು ನಿಂತುಬಿಟ್ಟ.

"ಎನ್ನ ಸಾರ್ ಇದು? ಟ್ರೈನ್ ಪುಳ್ಳೈಂಗ ಏನಾಗ್ಬೇಕು? ಆ ಮಕ್ಳು ಏನ್ ತಪ್ಪು ಮಾಡ್ತು?"

"ಒಡೀಪ್ಪ" ಎಂದರು ಮೇಷ್ಟ್ರು.

"ನಾನ್ ಮಾಟ್ಟೇನ್ ಸಾರ್. ನೀವೇ ಹೊಡ್ಕೊಳ್ಳಿ."

ಮೇಷ್ಟ್ರು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ ಸುತ್ತಿಗೆ ಎತ್ತಿಕೊಂಡು, ತಾವೇ ಹೊಡೆದರು. ಹೊಡೆದು ಹೋಗಿ, ಕುರ್ಚಿ ಒರೆಸಿ, ಸ್ಟಾಫ್ ರೂಮಿಗೆ ಬಂದು ತಮ್ಮ ಹಳೆಯ ಜಾಗದಲ್ಲಿ ಕೂತರು. ನನಗೆ ಮೈಯೆಲ್ಲ ಉರಿಯಿತು. ಒಂದು ಮಾತು, ಒಂದೇ ಒಂದು ಮಾತು ಎದುರಾಡಬಾರದಿತ್ತೇ? "ನಿಮ್ಮ ಒಳ್ಳೆ ರಾಜನೂ ಹೀಗೇ ಮಾಡಿದ್ನಾ ಸಾರ್?" ಎಂದು ಕೇಳಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅವನು ಏನು ಮಾಡಿದ ಅಂತ ಆ ನಾಲ್ಕು ಸಾಲಲ್ಲಿ ಬರೆದಿಲ್ಲಮ್ಮ. ಅದಕ್ಕೇ ಅವನು ನನಗೆ ಅನುಕೂಲ" ಎಂದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಗದ ಮಾತಾಡಿ ಜಾರಿಕೊಂಡರು ಎಂದುಕೊಂಡೆ.

ಮರುದಿನದಿಂದ ಬಿ.ಎ. ಮಕ್ಕಳ ಮೊದಲ ಪೀರಿಯಡ್ಡನ್ನು ವಾರವಿಡೀ ತಾವೇ ಕೇಳಿ ತೆಗೆದುಕೊಂಡರು. ರೈಲಿನ ಮಕ್ಕಳು ಹೆಚ್ಚುಕಡಿಮೆ ಎಲ್ಲ ಬಿ.ಎ.ಯವರೇ. ಮೊದಲ ಪೀರಿಯಡ್ಡು ಯಾರಿಗೂ ಬೇಡವಾದದ್ದರಿಂದ ನಾವೆಲ್ಲ ಸಂತೋಷದಿಂದ ಬಿಟ್ಟುಕೊಟ್ಟೆವು. ರಾಬರ್ಟ್‌ಸನ್‌ಪೇಟೆಯಿಂದ ಆಟೋದಲ್ಲಿ ಬರುವ ನಾನಂತೂ ಎರಡನೆಯ ಪೀರಿಯಡ್ಡಿಗೆ ಬಂದರೆ ಸಾಕಾಯಿತು. ಯಾವಾಗಲೋ ಬೇಗ ಬಂದ ದಿನ ಗೋಡೆಯಾಚೆಯಿಂದ ಅವರ ದನಿ ಕೇಳುತ್ತಿತ್ತು. ಮತ್ತೆ ಅದೇ ರಾಜ. ಒಂದು ದಿನ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದಾನೆ, ಇನ್ನೊಂದು ದಿನ ಎರಡು ಮಾತಿನಲ್ಲಿ ಕತ್ತಿಗೆ ಆಹುತಿಯಾಗುತ್ತಿದ್ದಾನೆ. ಮಕ್ಕಳಿಗೆ ಪಾಠ ಹೇಳುವ ಮುದುಕ ರಾಜನನ್ನು ನಾನು ಕೇಳಿದ್ದೂ ಹಾಗೆಯೇ, ಗೋಡೆಯಾಚೆಯಿಂದ. ಕುರ್ಚಿ ಹೋದ ದುಃಖಕ್ಕೆ ಇವರ ತಲೆ ಸ್ವಲ್ಪ ಹೆಚ್ಚುಕಡಿಮೆಯಾಗಿದೆ ಎಂದು ತೀರ್ಮಾನಿಸಿ ಸುಮ್ಮನಾದೆ. ರೈಲಿನ ಮಕ್ಕಳು ಏನಾದರು ಎಂದು ಕೇಳಲೂ ಹೋಗಲಿಲ್ಲ. ಕೇಳಿದರೆ ಸಂಕಟ. ನಿವೃತ್ತರಾಗುವವರೆಗೂ ಅವರದು ಅದೇ ಮೊದಲ ಪೀರಿಯಡ್ಡು, ಅದೇ ರಾಜ.

ಶನಿವಾರ ಹಾಲ್‌ಗೆ ಹೋದಾಗ ವೇದಿಕೆಯ ಮೇಲೆ ಅವರ ಫೋಟೋ, ಪಕ್ಕದಲ್ಲಿ ಯಾರೋ ಇಟ್ಟ ಅವರ ಕೊಡೆ. ಎಷ್ಟೋ ವರ್ಷ ಕಳೆದರೂ ಹಳೆಯ ಬಸ್ಸಿನ ಮಕ್ಕಳು ಒಂದು ಕಡೆ, ರೈಲಿನವರು ಒಂದು ಕಡೆ ಕೂತಿದ್ದರು. ರೈಲಿನ ಕಡೆ ಬಹಳ ಕುರ್ಚಿ ಖಾಲಿ. ಗಾಡಿ ಇನ್ನೂ ಬಂಗಾರಪೇಟೆ ಬಿಟ್ಟಿಲ್ಲ ಎಂದು ಗುಂಪಿನಲ್ಲಿ ಹಾಲಿನ ಹುಡುಗಿ ಬರೆದಿದ್ದಳು. ಇದ್ದವರ ನಡುವೆಯೇ ರಾಜನ ಜಗಳ ಇನ್ನೂ ಮುಗಿದಿರಲಿಲ್ಲ.

"ಅವನ ಕಥೆ ಶುರುವಾಗೋದೇ ಅಣ್ಣನ ಜಗಳದಿಂದ" ಎಂದ ಬಸ್ಸಿನ ಕಡೆಯವನೊಬ್ಬ, ಈಗ ರಾಬರ್ಟ್‌ಸನ್‌ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದಾನೆ. "ನಾವು ಅದನ್ನ ಸಿಲಬಸ್ ಅಂದ್ಕೊಂಡು ಪರೀಕ್ಷೆಲೂ ಬರೆದಿದ್ದೀವಿ."

"ಶುರು ನಮ್ಗೇನ್ ಗೊತ್ತು?" ಎಂದ ರೈಲಿನ ಕಡೆಯ ಒಬ್ಬ ರೈತ, ಹೆಗಲ ಮೇಲಿನ ಟವಲ್ ಸರಿಮಾಡಿಕೊಂಡು. "ನಾವು ಓಡಿ ಬಾಗ್ಲಿಗೆ ಬರೋ ಒತ್ಗೆ ದಿನಾ ರಾಜ ಸಾಯ್ತಾ ಇರ್ತಿದ್ದ. ಅವ್ನು ಸತ್ತ ಮ್ಯಾಲೇ ಸಾರು ಆಜರಿ ತಗೊಳ್ಳೋರು. ಬಾಗ್ಲಲ್ಲಿ ನಿಂತು ನಾವು ಕೇಳೋದೇ ಅದು, ‘ರಾಜ ಸತ್ನಾ ಸಾ?’ ಅಂತ. ‘ಇನ್ನಾ ಇಲ್ಲ, ಒಳಕ್ ಬಾ’ ಅಂದ್ರೆ ಆಜರಿ ಸಿಕ್ತು ಅಂತ ಲೆಕ್ಕ."

ಚಪ್ಪಲಿ ಅಂಗಡಿಯವನು ಬಾಯಿ ತೆರೆದುಕೊಂಡು ಅವನನ್ನೇ ನೋಡಿದ. "ಅಂದ್ರೆ... ಗಾಡಿ ಲೇಟಾದ ದಿನ..."

"ದ್ರಾಚ್ಚಿ ತೋಟ" ಎಂದ ರೈತ.

"ಆಮಾ" ಎಂದ ಹಿಂದೆ ನಿಂತಿದ್ದ ನಮ್ಮ ಹಳೆಯ ಅಟೆಂಡರ್. "ಪ್ರಿನ್ಸಿಪಾಲ್ ರೌಂಡ್ಸ್ ಬರ್ತಾರೆ ಅಲ್ವಾ, ಪಾಠ ಮಾಡದೆ ಸುಮ್ನೆ ನಿಂತ್ರೆ ಕೇಳ್ತಾರೆ. ಅದಕ್ಕೆ ಕಥೆ. ನಾನು ಗೇಟ್ ಹತ್ರ ನಿಂತು ಮಕ್ಳು ಬಂದ ಕೂಡ್ಲೇ ಟವಲ್ ಬೀಸ್ತಿದ್ದೆ. ನೋಡಿದ್ರೆ ಸಾರ್ ರಾಜನ್ನ ಮುಗಿಸಿಡುವಾರು."

ಅರಮನೆಯಲ್ಲಿ ಪಾಠ ಹೇಳುವ ಮುದುಕ ರಾಜನನ್ನು ಕೇಳಿದ ದಿನ ಗಾಡಿ ಎಲ್ಲೋ ಕೆಟ್ಟು ನಿಂತಿದ್ದಿರಬೇಕು. ಪಾಪ, ಮೇಷ್ಟ್ರು ಆ ರಾಜನಿಗೆ ಮುಪ್ಪು ಬರುವವರೆಗೂ ಅವನನ್ನು ಎಳೆದಾಡಿದ್ದಾರೆ. ಗಂಟೆಯನ್ನು ಅವರು ವಾಪಸ್ ಕೊಟ್ಟರು, ಮಕ್ಕಳನ್ನು ಕೊಡಲಿಲ್ಲ. ಇಷ್ಟು ತಿಳಿದ ಮೇಲೂ ನನ್ನ ಗೊಂದಲ ಪೂರ್ತಿ ಕರಗಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಫಲಕದ ಮುಂದೆ ನಿಂತು ಓದಿಕೊಂಡವರು ಯಾರು? ಸುತ್ತಿಗೆ ಎತ್ತಿ ಹೊಡೆದ ಕೈ ಯಾರದು? ಅವರನ್ನು ಒಳ್ಳೆಯವರೆನ್ನಲೋ, ಉಪಯೋಗಕ್ಕೆ ಬಂದವರೆನ್ನಲೋ, ಆದರೆ ಯಾರ ಉಪಯೋಗಕ್ಕೆ? ಆ ಹಿಂದಿನ ಬೆಂಚಿನ ಹುಡುಗ ಕೇಳಿದ ಪ್ರಶ್ನೆ ಅಲ್ಲೇ ನಿಂತಿತ್ತು. ನನಗೆ ಅಳು ಮಾತ್ರ ಬಂತು.

ಅಷ್ಟರಲ್ಲಿ ಈಗಿನ ಆಡಳಿತದವರೊಬ್ಬರು ಕೈಗಡಿಯಾರ ನೋಡಿಕೊಂಡು, "ಹೊತ್ತಾಯ್ತು ಮೇಡಂ, ಶುರು ಮಾಡಿ, ಬರೋರು ಆಮೇಲೆ ಬರ್ತಾರೆ. ನೀವು ಎರಡು ಮಾತಾಡಿದರೆ ಮೌನಾಚರಣೆ ಮಾಡಿ ಮುಗಿಸೋಣ" ಎಂದರು. ಮೈಕಿನ ಮುಂದೆ ಹೋಗಿ ನಿಂತೆ. ರೈಲಿನ ಕಡೆಯ ಖಾಲಿ ಕುರ್ಚಿಗಳು ಎದುರಿಗೇ ಇದ್ದವು. ಎರಡು ಮಾತು ಹೇಳಿದರೆ ಮೌನ, ಮೌನವಾದರೆ ಸಭೆ ಮುಗಿಯಿತು. ಆ ಮಕ್ಕಳಿಗೆ ಇವತ್ತೂ ಹಾಜರಿ ಇಲ್ಲ.

"ಒಬ್ಬ ಯವನ ರಾಜ ಇದ್ದ" ಎಂದು ಶುರುಮಾಡಿದೆ.

ಬಸ್ಸಿನವರು ತಲೆಯೆತ್ತಿದರು. ರೈತ ಟವಲನ್ನು ಕಣ್ಣಿಗೆ ಒತ್ತಿಕೊಂಡ. ನನಗೆ ಆ ಕಥೆ ಸರಿಯಾಗಿ ಬರುವುದಿಲ್ಲ. ಅಣ್ಣನನ್ನು ತಮ್ಮ ಮಾಡಿದೆ, ಸಮುದ್ರವನ್ನು ಎಲ್ಲೋ ಇಟ್ಟೆ. ಚಪ್ಪಲಿ ಅಂಗಡಿಯವನು ಮುಂದಿನ ಸಾಲಿನಿಂದ ಪಿಸುಗುಟ್ಟಿ ತಿದ್ದುತ್ತಿದ್ದ. ರಾಜನನ್ನು ಹಡಗು ಹತ್ತಿಸಿದೆ, ಇಳಿಸಿದೆ, ದ್ರಾಕ್ಷಿ ತೋಟಕ್ಕೆ ಕರೆದುಕೊಂಡು ಹೋಗಿ ಬಳ್ಳಿಗೆ ನೀರು ಹಾಯಿಸಿದೆ. ಆಡಳಿತದವರು ಇನ್ನೊಮ್ಮೆ ಗಡಿಯಾರ ನೋಡಿದರು. ಅಟೆಂಡರ್ ಮೆಲ್ಲಗೆ ಗೇಟಿನ ಕಡೆ ಹೋದ. ದೂರದಲ್ಲಿ ಗಾಡಿ ಕೂಗಿದ್ದು ಕೇಳಿಸಿತು. ರಾಜನನ್ನು ಅರಮನೆಗೆ ತಂದು ಮಕ್ಕಳ ಮುಂದೆ ಕೂರಿಸಿ ಪಾಠ ಶುರುಮಾಡಿಸಿದೆ.

ಆಗ ಹೊರಗೆ ಓಡಿಬರುವ ಹೆಜ್ಜೆಗಳ ಸದ್ದಾಯಿತು. ಬಾಗಿಲಿಗೆ ಮೊದಲು ಬಂದವಳು ಹಾಲಿನ ಹುಡುಗಿ. ಈಗ ಸರ್ಕಾರಿ ಬಸ್ಸಿನ ಕಂಡಕ್ಟರು. ಡ್ಯೂಟಿ ಮುಗಿಸಿ ಖಾಕಿ ಬಟ್ಟೆಯಲ್ಲೇ ಬಂದಿದ್ದಳು, ಕೈಯಲ್ಲಿ ಸೇವಂತಿಗೆ ಹಾರ. ಅವಳ ಹಿಂದೆ ಉಳಿದವರು. ಬಾಗಿಲ ಚೌಕಟ್ಟು ಹಿಡಿದುಕೊಂಡು, ಏದುಸಿರಿನಲ್ಲಿ, ಹಳೆಯ ಅಭ್ಯಾಸದಲ್ಲಿ, ಯೋಚನೆಯೇ ಇಲ್ಲದೆ ಅವಳ ಬಾಯಿಂದ ಬಂದುಬಿಟ್ಟಿತು:

"ರಾಜ ಸತ್ನಾ ಸಾ?"

ಕೇಳಿದ ಮೇಲೆ ಅವಳಿಗೆ ಫೋಟೋ ಕಾಣಿಸಿತು. ಹಾರದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದುಕೊಂಡು ಅಲ್ಲೇ ನಿಂತಳು.

"ಇನ್ನಾ ಇಲ್ಲಮ್ಮ" ಎಂದೆ ಮೈಕಿನಲ್ಲೇ. "ಒಳಕ್ ಬಾ."

ಬಸ್ಸಿನವರು ಸರಿದು ಜಾಗ ಮಾಡಿಕೊಟ್ಟರು.